ಪುಟ್ಟ ಕಾರಿನ ಬಾನೆಟ್ ಕೆಳಗೆ

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಹಳೆಯ ಮಸಲ್ ಕಾರುಗಳ ಪ್ಲಾಸ್ಟಿಕ್ ಕಿಟ್ ಬಗ್ಗೆ, ಅಂದರೆ ಬಿಡಿ ಭಾಗ ಜೋಡಿಸಿ ಕಟ್ಟುವ ಪುಟ್ಟ ಮಾದರಿಗಳ ಬಗ್ಗೆ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ತೀರ್ಥಹಳ್ಳಿ ಕಡೆಯವಳು. 1988ರಿಂದ ಮಿಶಿಗನ್‌ನ ಟ್ರಾಯ್ ಊರಿನಲ್ಲಿದ್ದೇನೆ. ಕಾರಿಗೆ ಬಣ್ಣ ಹೊಡೆಯುವ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೆ, ಈಗ ನಿವೃತ್ತಿ. ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದ್ದು. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ಹಾಕಿ ಜಿಟಿಒ ಅಂತ ಹೆಸರಿಟ್ಟಿತು. ಅಲ್ಲಿಂದ ಹತ್ತೇ ವರ್ಷದಲ್ಲಿ ಆ ಭರಾಟೆ ಇಳಿದುಹೋಯಿತು. ನಾನು ಕಟ್ಟುವುದೆಲ್ಲ ಆ ಹತ್ತು ವರ್ಷದ ಕಾರುಗಳನ್ನೇ.

ಪ್ರಶ್ನೆ: ಮೇಡಂ, ಮೊದಲ ಕಿಟ್ ಕೊಳ್ಳಬೇಕು ಅಂತಿದ್ದೇನೆ. ಕೆಲವು ಬಾಕ್ಸ್ ಮೇಲೆ 1/24, ಕೆಲವದರ ಮೇಲೆ 1/25 ಅಂತಿದೆ. ಯಾವುದು ಒಳ್ಳೆಯದು? (ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಎರಡರಲ್ಲಿ ಯಾವುದಾದರೂ ಆಗುತ್ತದೆ. 1/24 ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆ. 1970ರ ಡಾಡ್ಜ್ ಚಾಲೆಂಜರ್ ಸುಮಾರು 4.86 ಮೀಟರ್ ಉದ್ದ. 1/24ರಲ್ಲಿ ಅದು 20.2 ಸೆಂಟಿಮೀಟರ್, 1/25ರಲ್ಲಿ 19.4. ಶೆಲ್ಫ್ ಮೇಲೆ ಪಕ್ಕಪಕ್ಕ ಇಟ್ಟರೂ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಇಲ್ಲ. ಆದರೆ ಒಂದರ ಚಕ್ರ ತೆಗೆದು ಇನ್ನೊಂದಕ್ಕೆ ಹಾಕಲು ಹೋದರೆ ಕಣ್ಣಿಗೆ ಬೀಳುತ್ತದೆ.

1/25 ಅಳತೆ ನಮ್ಮ ಈ ಡೆಟ್ರಾಯಿಟ್ ಸೀಮೆಯಲ್ಲೇ ಬೆಳೆದದ್ದು. ಹೊಸ ಕಾರು ಬಂದಾಗ ಷೋರೂಂನವರು ಗಿರಾಕಿಗಳಿಗೆ ಕೊಡಲು ಅದೇ ಕಾರಿನ ಪುಟ್ಟ ಮಾದರಿ ಮಾಡಿಸುತ್ತಿದ್ದರು. ಟ್ರಾಯ್‌ನಲ್ಲಿದ್ದ ಎಎಂಟಿ ಕಂಪನಿ ಶುರುವಾದದ್ದು 1948ರಲ್ಲಿ, ಇಂಥ ಮಾದರಿಗಳಿಂದಲೇ. 1958ರಲ್ಲಿ ಅವರು ಒಂದೇ ಬಾಕ್ಸಿನಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ಕಿಟ್ ತಂದರು: ಷೋರೂಂನಿಂದ ಬಂದ ಹಾಗೆ, ಅಲಂಕಾರ ಮಾಡಿದ ಹಾಗೆ, ರೇಸಿಗೆ ಇಳಿಸಿದ ಹಾಗೆ. ಇಲಿನಾಯ್ ರಾಜ್ಯದ ಮೊನೊಗ್ರಾಮ್ ಕಂಪನಿ ಮಾತ್ರ 1/24 ಹಿಡಿದುಕೊಂಡಿತು.

ನೀವು ನೋಡಬೇಕಾದದ್ದು ಬೇರೆ. ಕಿಟ್‌ನಲ್ಲಿ ಎಂಜಿನ್ ಇದೆಯಾ? ಕೆಲವದರಲ್ಲಿ ಬಾನೆಟ್ ತೆರೆಯುವುದೇ ಇಲ್ಲ. ಮಸಲ್ ಕಾರಿಗೆ ಎಂಜಿನ್ನೇ ಇಲ್ಲ ಅಂದರೆ ನನಗೆ ಸಮಾಧಾನವಿಲ್ಲ. ಇನ್ನೊಂದು, ಬಾಕ್ಸ್ ಮೇಲಿನ ಹೊಳೆಯುವ ಹೊಸ ಚಿತ್ರವನ್ನು ನಂಬಬೇಡಿ. ಒಳಗಿನ ಭಾಗಗಳು 1960ರ ದಶಕದ ಅಚ್ಚಿನಿಂದಲೇ ಬಂದಿರಬಹುದು. ಹಾಗಿದ್ದರೆ ಅಂಚಿನಲ್ಲಿ ಬೇಡದ ಪ್ಲಾಸ್ಟಿಕ್ ಪೊರೆ ಜಾಸ್ತಿ ಇರುತ್ತದೆ, ಕೆರೆದು ತೆಗೆಯಬೇಕು. ಏನೇ ತಂದರೂ ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಎಲ್ಲ ಭಾಗ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಪ್ರಶ್ನೆ: ಜುಲೈನಲ್ಲಿ ನನ್ನ ಮಸ್ಟಾಂಗ್‌ಗೆ ಕಪ್ಪು ಲ್ಯಾಕರ್ ಸ್ಪ್ರೇ ಹೊಡೆದೆ. ಒಣಗುವಷ್ಟರಲ್ಲಿ ಮೇಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಬಣ್ಣ ಹಾಳಾಗಿತ್ತಾ? (ಓದುಗರು, ಮಂಗಳೂರು)

ಬಣ್ಣದ್ದು ತಪ್ಪಿಲ್ಲ, ನಿಮ್ಮೂರ ಮಳೆಯದು. ಮಲೆನಾಡಿನಲ್ಲಿ ಬೆಳೆದ ನನಗೆ ಆ ತೇವ ಚೆನ್ನಾಗಿ ಗೊತ್ತು.

ಆದದ್ದು ಇಷ್ಟು. ಲ್ಯಾಕರ್‌ನಲ್ಲಿರುವ ತಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಅಂಗೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ವಾ, ಹಾಗೆಯೇ. ತಣ್ಣಗಾದ ಜಾಗದಲ್ಲಿ ಗಾಳಿಯ ತೇವ ಇಬ್ಬನಿಯಂತೆ ಕೂರುತ್ತದೆ, ಹಸಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಆ ಬೆಳ್ಳಗೆ ಅದೇ. ಇದಕ್ಕೆ ಬಣ್ಣದವರು ಬ್ಲಶ್ ಅನ್ನುತ್ತಾರೆ. ದೊಡ್ಡ ಕಾರುಗಳ ಬಣ್ಣದ ಕೋಣೆಯಲ್ಲಿ ತೇವವನ್ನು ಹಗಲೂ ರಾತ್ರಿ ಅಳೆಯುತ್ತಿದ್ದೆವು. ನೀವು ಮಳೆಗಾಲದ ವರಾಂಡದಲ್ಲಿ ಹೊಡೆದಿದ್ದೀರಿ.

ಕೆರೆದು ತೆಗೆಯಲು ಹೋಗಬೇಡಿ. ಬಿಸಿಲು ಬಿದ್ದು ಗಾಳಿ ಒಣಗಿದ ದಿನ, ನಿಧಾನವಾಗಿ ಆರುವ ತಿನ್ನರನ್ನು, ರಿಟಾರ್ಡರ್ ಬೆರೆಸಿದ್ದು ಸಿಗುತ್ತದೆ, ದೂರದಿಂದ ಮಂಜಿನಂತೆ ತೆಳ್ಳಗೆ ಎರಚಿ. ಬಣ್ಣ ಮತ್ತೆ ಸ್ವಲ್ಪ ಕರಗಿ, ಸಿಕ್ಕಿಕೊಂಡ ತೇವ ಹೊರಗೆ ಹೋಗುತ್ತದೆ. ಹೆಚ್ಚಿನ ಸಲ ಕಪ್ಪು ಹಾಗೇ ವಾಪಸ್ ಬರುತ್ತದೆ. ಬರದಿದ್ದರೆ ಆಗ ವಾಟರ್ ಪೇಪರ್ ಹಿಡಿಯಿರಿ.

ಮುಂದಿನ ವರ್ಷಕ್ಕೆ ನನ್ನ ಸಲಹೆ: ಮಳೆಗಾಲದಲ್ಲಿ ಎಂಜಿನ್, ಸೀಟು, ಡ್ಯಾಶ್‌ಬೋರ್ಡ್ ಮಾಡಿ. ಅವಕ್ಕೆ ನೀರಿನ ಅಕ್ರಿಲಿಕ್ ಬಣ್ಣ, ಬ್ರಷ್ ಸಾಕು. ಬಾಡಿಯನ್ನು ಡಬ್ಬದಲ್ಲಿಟ್ಟು ಡಿಸೆಂಬರ್‌ಗೆ ಕಾಯಿರಿ. ಕಾಯಲು ಆಗುವುದೇ ಇಲ್ಲ ಅಂದರೆ ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಕುದಿಯುವ ನೀರು ಬೇಡವೇ ಬೇಡ, ಡಬ್ಬಿ ಸಿಡಿಯುತ್ತದೆ. ತೆಳುವಾಗಿ, ಬಿಟ್ಟುಬಿಟ್ಟು ಹೊಡೆಯಿರಿ.

ಲ್ಯಾಕರ್ ವಿಷಯದಲ್ಲಿ ಇನ್ನೊಂದು ಮಾತು. ನನ್ನ ಮೊದಲ ಜಿಟಿಒ ಮಾದರಿಯ ಮೈಗೆ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ, ಇಲ್ಲದೆ ನಿಜವಾದ ಕಾರಿನ ಲ್ಯಾಕರನ್ನೇ ಹೊಡೆದಿದ್ದೆ. ಪ್ಲಾಸ್ಟಿಕ್ ಬಿರುಕುಬಿಟ್ಟ ಕೆಸರಿನಂತಾಯಿತು. ಬಣ್ಣವೇ ನನ್ನ ಕೆಲಸವಾಗಿದ್ದಾಗ ನಡೆದದ್ದು ಅದು, ಆವತ್ತು ರಾತ್ರಿ ಊಟ ಸೇರಲಿಲ್ಲ. ಅಲ್ಲಿಂದ ಈಚೆಗೆ ಪ್ರೈಮರ್ ತಪ್ಪಿಸಿದ್ದೇ ಇಲ್ಲ.

ಪ್ರಶ್ನೆ: 1969ರ ಕಮಾರೊ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ವೈರ್ ಹಾಕಿದೆ. ಡ್ರೈವರ್ ಸೈಡ್‌ನಲ್ಲಿ 1, 3, 5, 7 ಅಂತ ಓದಿ ಹಾಗೇ ಮಾಡಿದೆ. ಫೋಟೊ ನೋಡಿದ ಗೆಳೆಯ ಎಲ್ಲ ತಿರುಗುಮುರುಗು ಅನ್ನುತ್ತಾನೆ. ವೈರ್ ಕೂಡ ದಪ್ಪ ಕಾಣುತ್ತಿದೆ. (ಓದುಗರು, ಹುಬ್ಬಳ್ಳಿ)

ನಿಮ್ಮ ಗೆಳೆಯ ಹೇಳಿದ್ದು ಸರಿ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಗಡೆ! ನೀವು ನಮ್ಮೂರ ಲೆಕ್ಕದಲ್ಲಿ ಬಲಗಡೆ ಹಿಡಿದಿದ್ದೀರಿ. ಕಮಾರೊ ಮಾಡಿದ ಷೆವ್ರೊಲೆ ಕಂಪನಿಯ ವಿ8ನಲ್ಲಿ ಎಂಟು ಸಿಲಿಂಡರ್. ಎಡಗಡೆ, ಮುಂದಿನಿಂದ ಹಿಂದಕ್ಕೆ, ಅವುಗಳ ನಂಬರ್ 1, 3, 5, 7. ಬಲಗಡೆ 2, 4, 6, 8. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್‌ನ ಹಿಂದೆ, ಡ್ಯಾಶ್ ಗೋಡೆಗೆ ಅಂಟಿದ ಹಾಗೆ ಇರುತ್ತದೆ. ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಕಿಡಿ ಹೋಗುವ ಸರದಿ 1-8-4-3-6-5-7-2. ಡಿಸ್ಟ್ರಿಬ್ಯೂಟರ್ ಟೋಪಿಯ ಸುತ್ತ ಇದೇ ಸರದಿಯಲ್ಲಿ ಎಂಟು ತೂತು, ನಡುವೆ ಕಾಯಿಲ್‌ಗೆ ಹೋಗುವ ಒಂಬತ್ತನೆಯದು. ಈ ಸರದಿಯಲ್ಲಿ ಹಾಕಿದರೆ ವೈರುಗಳು ಒಂದರ ಮೇಲೊಂದು ಹಾಯ್ದು ಹೋಗುವ ಬಗೆ ನಿಜವಾದ ಎಂಜಿನ್‌ನಂತೆಯೇ ಬರುತ್ತದೆ.

ಬೇರೆ ಕಂಪನಿಯ ಕಾರಿಗೆ ಇದನ್ನೇ ಹಾಕಬೇಡಿ. ಫೋರ್ಡ್ ವಿ8ನಲ್ಲಿ ಡಿಸ್ಟ್ರಿಬ್ಯೂಟರ್ ಮುಂದಿದೆ, ಬಲಗಡೆ 1ರಿಂದ 4, ಎಡಗಡೆ 5ರಿಂದ 8. ಡಾಡ್ಜ್‌ನ 440 ಎಂಜಿನ್‌ಗೂ ಮುಂದೆಯೇ. ಎಂಜಿನ್ ಬಣ್ಣವೂ ಬೇರೆ: ಆ ಕಾಲದ ಷೆವ್ರೊಲೆ ಕಿತ್ತಳೆ, ಫೋರ್ಡ್ ನೀಲಿ.

ಇನ್ನು ದಪ್ಪ. ನಿಜವಾದ ಪ್ಲಗ್ ವೈರ್ 7ರಿಂದ 8 ಮಿಲಿಮೀಟರ್. 25ರಿಂದ ಭಾಗಿಸಿ, 0.3 ಬಂತು. ನೀವು ಬಳಸಿದ ಲ್ಯಾನ್ ಕೇಬಲ್ ಎಳೆ ಹೆಚ್ಚುಕಡಿಮೆ 0.9. ದೊಡ್ಡ ಕಾರಿನಲ್ಲಿ ಅದು ಎರಡು ಸೆಂಟಿಮೀಟರಿಗೂ ದಪ್ಪದ ಪೈಪ್ ಆದ ಹಾಗೆ! ಅದನ್ನು ಬಿಸಾಡಬೇಡಿ, ಹೀಟರ್ ಹೋಸ್‌ಗೆ ನಡೆಯುತ್ತದೆ. ಪ್ಲಗ್‌ಗೆ ನಿಮ್ಮೂರಿನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ 30 ನಂಬರ್ ಗೇಜಿನ ವೈಂಡಿಂಗ್ ವೈರ್ ಕೇಳಿ. ಅದು 0.315 ಮಿಲಿಮೀಟರ್. ಬಗ್ಗಿಸಿದ ಹಾಗೆ ನಿಲ್ಲುತ್ತದೆ. ಮ್ಯಾಟ್ ಕಪ್ಪು ಹಚ್ಚಿದರೆ ರಬ್ಬರ್ ವೈರೇ ಅನ್ನಿಸುತ್ತದೆ. ನಾನು ಊರಿಗೆ ಬಂದಾಗಲೆಲ್ಲ ಶಿವಮೊಗ್ಗದಲ್ಲಿ ಒಂದು ಸುರುಳಿ ಕೊಂಡು ತರುತ್ತೇನೆ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸು. ಕಿಟಕಿ ಗಾಜನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ, ಗಾಜೆಲ್ಲ ಮಂಜಾಯಿತು. (ತುಮಕೂರು)

ಬೇಜಾರು ಮಾಡಿಕೋಬೇಡ ಪುಟ್ಟಾ. ಆ ಅಂಟಿನ ಆವಿ ಗಾಜಿನ ಮೇಲೆ ಕೂತು ಹಾಗಾಗುತ್ತದೆ. ಗಾಜಿಗೆ ಬಿಳಿ ಫೆವಿಕಾಲ್ ಹಚ್ಚು, ಒಣಗಿದರೆ ಕಾಣುವುದೇ ಇಲ್ಲ. ಈಗ ಮಂಜಾದ ಗಾಜು ಬಿಡಿಸಲು ಬಂದರೆ ಟೂತ್‌ಪೇಸ್ಟ್ ಹಾಕಿ ಮೆತ್ತನೆಯ ಬಟ್ಟೆಯಲ್ಲಿ ತಾಳ್ಮೆಯಿಂದ ಉಜ್ಜು. ಸೂಪರ್ ಗ್ಲೂ ಬಳಸುವಾಗ ಅಪ್ಪನೋ ಅಮ್ಮನೋ ಪಕ್ಕದಲ್ಲಿರಲಿ.

ಪ್ರಶ್ನೆ: ಹದಿನೈದು ವರ್ಷ ಮುಚ್ಚಿಟ್ಟಿದ್ದ ಕಿಟ್ ತೆರೆದೆ. ಟಯರ್ ತಾಗಿದ ಕಡೆ ಪ್ಲಾಸ್ಟಿಕ್ ಕರಗಿದೆ. ಬಿಸಿಲಿಗಾ? (ಬೆಂಗಳೂರು)

ಬಿಸಿಲಿಗಲ್ಲ. ಆ ಮೆತ್ತನೆಯ ವಿನೈಲ್ ಟಯರ್‌ನಿಂದ ಎಣ್ಣೆಯಂಥದ್ದು ಒಸರಿ ಪಕ್ಕದ ಪ್ಲಾಸ್ಟಿಕನ್ನು ತಿನ್ನುತ್ತದೆ. ಕಿಟ್ ತಂದ ದಿನವೇ ಟಯರುಗಳನ್ನು ಬೇರೆ ಕವರಿಗೆ ಹಾಕಿಡಿ.

ಪ್ರಶ್ನೆ: ಅಕ್ಕಾ, ಕಿಟಕಿ ಸುತ್ತಲಿನ ಕ್ರೋಮ್ ಪಟ್ಟಿಗೆ ಹಾಕಲು, ಹಿಂಬದಿಗೆ ಅಂಟು ಇರುವ ಬೇರ್ ಮೆಟಲ್ ಫಾಯಿಲ್ ಅನ್ನುವ ತೆಳು ಲೋಹದ ಹಾಳೆ ಇಲ್ಲಿ ಸುಲಭವಾಗಿ ಸಿಗುತ್ತಿಲ್ಲ. ಚಾಕೊಲೇಟ್ ಕಾಗದ ಆಗುತ್ತದಾ? (ಗೃಹಿಣಿ, ಮೈಸೂರು)

ಖಂಡಿತ ಆಗುತ್ತದೆ. ಅಡುಗೆಮನೆಯ ಫಾಯಿಲ್ ಬೇಡ, ಅದು ಮೂಲೆಯಲ್ಲಿ ಕೂರುವುದಿಲ್ಲ. ಚಾಕೊಲೇಟ್‌ನ ಮೆತ್ತನೆಯ ಬೆಳ್ಳಿ ಕಾಗದವನ್ನು ಉಗುರಿನ ಹಿಂಬದಿಯಿಂದ ನೀವಿ ಸುಕ್ಕು ತೆಗೆಯಿರಿ. ಚಿನ್ನದ ರೇಕು ಅಂಟಿಸುವವರು ಬಳಸುವ ಅಂಟನ್ನು ತೆಳ್ಳಗೆ ಹಚ್ಚಿ. ಮೈಸೂರು ಚಿತ್ರ ಬರೆಯುವವರಿರುವ ಊರು ನಿಮ್ಮದು, ಆ ಕೆಲಸ ಬಲ್ಲವರನ್ನು ಕೇಳಿ. ಪಟ್ಟಿಯ ಮೇಲೆ ಕೂರಿಸಿ ಕಿವಿಕಡ್ಡಿಯಿಂದ ಒತ್ತಿ, ಅಂಚನ್ನು ಹೊಸ ಬ್ಲೇಡಿನಿಂದ ಕೊಯ್ಯಿರಿ. ಮೊಂಡು ಬ್ಲೇಡ್ ಹರಿಯುತ್ತದೆ, ಕೊಯ್ಯುವುದಿಲ್ಲ.

ಹೆಸರಿನ ಅಕ್ಷರಗಳಿಗೆ ಒಂದು ಉಪಾಯವಿದೆ, ನನಗೆ ತುಂಬಾ ಇಷ್ಟ. ಬಾಡಿ ಮೇಲೆ ಉಬ್ಬಿಕೊಂಡಿರುವ ಅಕ್ಷರದ ಮೇಲೆ ಬಣ್ಣಕ್ಕೂ ಮೊದಲೇ ಫಾಯಿಲ್ ಅಂಟಿಸಿ. ಅದರ ಮೇಲೇ ಬಾಡಿ ಬಣ್ಣ ಹೊಡೆಯಿರಿ. ಒಣಗಿದ ಮೇಲೆ ತಿನ್ನರ್ ತಾಗಿಸಿ ಹಿಂಡಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ಅಕ್ಷರದ ತಲೆಯನ್ನು ಮಾತ್ರ ಒರೆಸಿ. ಬೆಳ್ಳಿ ಅಕ್ಷರ ಹೊರಗೆ ಬರುತ್ತದೆ.

ಪ್ರಶ್ನೆ: ನನ್ನ ತಂದೆ 1974ರಲ್ಲಿ ಆನ್ ಆರ್ಬರ್‌ಗೆ ಓದಲು ಬಂದಾಗ ಕೊಂಡ ಮೊದಲ ಕಾರು ಹಳೆಯ 1970ರ ಚಾಲೆಂಜರ್. ಅವರ ಹುಟ್ಟುಹಬ್ಬಕ್ಕೆ ಅದನ್ನೇ ಕಟ್ಟಿಕೊಡಬೇಕು. ಉಳಿದಿರುವುದು ಒಂದು ಕಪ್ಪು ಬಿಳುಪು ಫೋಟೊ. ತಂದೆ ನೇರಳೆ ಬಣ್ಣ ಅನ್ನುತ್ತಾರೆ, ತಾಯಿ ಕಂದು ಅನ್ನುತ್ತಾರೆ. ಕಿಟ್ ಆರ್/ಟಿ ಮಾದರಿಯದು. (ಫಾರ್ಮಿಂಗ್ಟನ್ ಹಿಲ್ಸ್, ಮಿಶಿಗನ್)

ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ಮೊದಲು ಆ ಕಾರು ನಿಜವಾಗಿ ಆರ್/ಟಿನಾ, ಅಂದರೆ ಚಾಲೆಂಜರ್‌ನ ಹೆಚ್ಚು ಶಕ್ತಿಯ ಮಾದರಿನಾ ನೋಡಿ. ಆರ್/ಟಿ ಬಾನೆಟ್ ಮೇಲೆ ಎರಡು ಗಾಳಿಗಂಡಿ ಇರುತ್ತವೆ, ಮಾಮೂಲಿ ಚಾಲೆಂಜರ್‌ಗೆ ಇಲ್ಲ. ಫೋಟೊದಲ್ಲಿ ಬಾನೆಟ್ ಕಾಣುತ್ತದಾ? ಹಳೆಯ ಇನ್ಶೂರೆನ್ಸ್ ಕಾಗದ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿರುವ ಕಾರಿನ ಗುರುತಿನ ನಂಬರ್ 'ಜೆಎಚ್23' ಅಂತ ಶುರುವಾದರೆ ಗಟ್ಟಿ ಛಾವಣಿಯ ಮಾಮೂಲಿ ಹಾರ್ಡ್‌ಟಾಪ್, 'ಜೆಎಸ್23' ಆದರೆ ಆರ್/ಟಿ. ಐದನೆಯ ಅಕ್ಷರ 'ಜಿ' ಇದ್ದರೆ 318 ಘನ ಇಂಚಿನ ಎಂಜಿನ್, 'ಯು' ಇದ್ದರೆ 440. ಏಳನೆಯದು 'ಬಿ' ಇದ್ದರೆ ನಮ್ಮ ಪಕ್ಕದ ಹ್ಯಾಮ್ಟ್ರಾಮಿಕ್ ಕಾರ್ಖಾನೆಯಿಂದ ಬಂದದ್ದು. ಓದುವ ಹುಡುಗನ ಕೈಗೆ ಎಟುಕಿದ್ದು 318 ಇರಬೇಕು ಅಂತ ನನ್ನ ಊಹೆ. ಹಾಗಿದ್ದರೆ ಗಂಡಿಗಳನ್ನು ಉಜ್ಜಿ ಬಾನೆಟ್ ಸಮ ಮಾಡಿ, ಆರ್/ಟಿ ಗುರುತು ತೆಗೆಯಿರಿ, ಹಿಂದಿನ ಎರಡು ಸೈಲೆನ್ಸರ್ ಪೈಪಿನಲ್ಲಿ ಒಂದನ್ನು ಬಿಡಿ. ಕಿಟ್ ಹೇಳಿದ ಕಾರಲ್ಲ, ನಿಮ್ಮ ತಂದೆ ಓಡಿಸಿದ ಕಾರು ಮುಖ್ಯ.

ಬಣ್ಣಕ್ಕೆ ಬರೋಣ. 1970ರಲ್ಲಿ ಡಾಡ್ಜ್ ಪ್ಲಮ್ ಕ್ರೇಜಿ ಅನ್ನುವ ನೇರಳೆ ಕೊಡುತ್ತಿತ್ತು. ಕಂದಿಗೆ ತಿರುಗುವ ಸುಟ್ಟ ಕಿತ್ತಳೆಯೂ ಇತ್ತು. ಎರಡು ಪ್ಲಾಸ್ಟಿಕ್ ಚಮಚ ತೆಗೆದುಕೊಂಡು ಬೆನ್ನಿಗೆ ಪ್ರೈಮರ್ ಹೊಡೆದು, ಒಂದೊಂದಕ್ಕೆ ಒಂದೊಂದು ಬಣ್ಣ ಹಾಕಿ. ಚಮಚದ ಬೆನ್ನು ಕಾರಿನ ಮೈಯಂತೆ ಬಾಗಿರುವುದರಿಂದ ಬೆಳಕು ಸರಿಯಾಗಿ ಬೀಳುತ್ತದೆ. ಮಧ್ಯಾಹ್ನ ಅಪ್ಪ ಅಮ್ಮನನ್ನು ಕಿಟಕಿ ಹತ್ತಿರ ಕೂರಿಸಿ ಕೈಗೆ ಕೊಡಿ. ಮೊದಲು ಬಿಸಿಲಲ್ಲಿ, ಆಮೇಲೆ ನೆರಳಲ್ಲಿ. ಮಾತಾಡಿಸದೆ ಸುಮ್ನೆ ಕಾಯಿರಿ.

ಕಾರಿನ ಕೆಳಭಾಗಕ್ಕೆ ಪೂರ್ತಿ ಕಪ್ಪು ಬಳಿಯಬೇಡಿ. ಹ್ಯಾಮ್ಟ್ರಾಮಿಕ್ ಕಾರ್ಖಾನೆ 1980ರಲ್ಲಿ ಮುಚ್ಚುವವರೆಗೂ ಅಲ್ಲಿದ್ದ ಒಬ್ಬ ಹಿರಿಯರು ನಮ್ಮ ಬೀದಿಯಲ್ಲೇ ಇದ್ದರು. ಕೆಳಗೆ ಯಾರೂ ಚಂದ ಮಾಡಿ ಬಣ್ಣ ಹೊಡೆಯುತ್ತಿರಲಿಲ್ಲ, ಪ್ರೈಮರ್ ಹಾಗೇ ಕಾಣುತ್ತಿತ್ತು, ಪಕ್ಕದಿಂದ ಹಾರಿದ ಬಾಡಿ ಬಣ್ಣ ಅಂಚಿಗೆ ಕೂತಿರುತ್ತಿತ್ತು ಅಂತ ಅವರು ಹೇಳಿದ್ದರು. ಹಾಗೇ ಮಾಡಿ. ಕೆಳಗೆ ಪ್ರೈಮರ್, ಅಂಚಿನಲ್ಲಿ ಸ್ವಲ್ಪ ಎರಚಲು.

ತಂದೆಯವರನ್ನು ಇನ್ನೊಂದು ಕೇಳಿ: ಕಾರಿಗೆ ಎಲ್ಲಾದರೂ ನೆಗ್ಗು ಬಿದ್ದಿತ್ತಾ? ನಾಲ್ಕು ವರ್ಷ ಮಿಶಿಗನ್ ಹಿಮದಲ್ಲಿ, ರಸ್ತೆಗೆ ಸುರಿಯುವ ಉಪ್ಪಿನಲ್ಲಿ ಓಡಿದ ಕಾರು ಅದು. ಹಿಂದಿನ ಚಕ್ರದ ಮೇಲೆ ತುಕ್ಕು ಇದ್ದಿರಬೇಕು. ಅವರು ಹೇಳಿದ ಜಾಗಕ್ಕೆ ಮಾತ್ರ ಹಾಕಿ, ನೀವಾಗಿ ಸೇರಿಸಬೇಡಿ. ಚಮಚಕ್ಕೆ ಬೇಕಾದ ಎರಡೂ ಬಣ್ಣ ನನ್ನ ಹತ್ತಿರ ಇವೆ. ಟ್ರಾಯ್ ನಿಮಗೆ ದೂರವೇನಲ್ಲ. ಒಂದು ಭಾನುವಾರ ಫೋಟೊ ಸಮೇತ ಬನ್ನಿ, ಬಾನೆಟ್ ಮೇಲೆ ಗಂಡಿ ಇದೆಯಾ ಅಂತ ಭೂತಗನ್ನಡಿ ಹಿಡಿದು ಒಟ್ಟಿಗೆ ನೋಡೋಣ.