ಎರಡು ಕೆಜಿ ಬಾಕಿ ಇದೆ, ತುಂಬಿಬಿಡಲೇ?

ಪ್ರಶ್ನೆ: ನಮ್ಮ ತಂಡದ ರೋಬೋಟ್ ತೋಳು ಚಾಚಿ ವಸ್ತು ಎತ್ತಿದರೆ ಹಿಂದಿನ ಚಕ್ರಗಳು ಮೇಲೇಳುತ್ತವೆ. ತೂಕದ ಮಿತಿಗೆ ಇನ್ನೂ 2 ಕೆಜಿ ಬಾಕಿ ಇದೆ. ಅಷ್ಟೂ ಸೀಸ ಹಾಕಬಹುದೇ?

ಉತ್ತರ: ಬಾಕಿ ಇದೆ ಅಂತ ಸುಮ್ನೆ ತುಂಬಬೇಡಿ. ಸ್ಪರ್ಧೆಗಳಲ್ಲಿ ರೋಬೋಟ್ ತಪಾಸಣೆ ಮಾಡುವ ನಾನು ಇಂಥ ತಂಡಗಳಿಗೆ ಮೊದಲು ಕೇಳುವುದು ಒಂದೇ: ಬ್ಯಾಟರಿ ಎಲ್ಲಿದೆ? ಅದು ಹೇಗೂ ಹೊರಲೇಬೇಕಾದ ಭಾರ. ಹಿಂದಕ್ಕೆ, ಆದಷ್ಟು ಕೆಳಕ್ಕೆ ಸರಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ಲೆಕ್ಕ ಹಾಕಿ. ಎತ್ತುವ ವಸ್ತು 300 ಗ್ರಾಂ, ಮುಂದಿನ ಚಕ್ರಗಳ ಆಕ್ಸಲ್‌ಗಿಂತ 40 ಸೆಂ.ಮೀ. ಮುಂದಿದೆ ಅಂದುಕೊಳ್ಳಿ. ಅದನ್ನು ಸರಿದೂಗಿಸಲು ಆಕ್ಸಲ್‌ನಿಂದ 20 ಸೆಂ.ಮೀ. ಹಿಂದೆ 600 ಗ್ರಾಂ ಬೇಕು. 30 ಸೆಂ.ಮೀ. ಹಿಂದೆ ಇಟ್ಟರೆ 400 ಗ್ರಾಂ ಸಾಕು. ಓಡುತ್ತಾ ಗಕ್ಕನೆ ನಿಂತಾಗ ಮುಗ್ಗರಿಸುತ್ತದೆ ಅಲ್ವಾ, ಅದಕ್ಕೆ ಸ್ವಲ್ಪ ಜಾಸ್ತಿ ಇಡಿ.

ಭಾರ ಹೆಚ್ಚಿದರೆ ಚಕ್ರದ ಹಿಡಿತವೂ ಹೆಚ್ಚುತ್ತದೆ, ನಿಜ. ಆದರೆ ಎದುರಾಳಿಯನ್ನು ತಳ್ಳುವಾಗ ಚಕ್ರ ಜಾರದೆ ಮೋಟರ್ ನಿಂತೇ ಹೋದರೆ ಅದು ಕರೆಂಟ್ ಎಳೆದು ಬಿಸಿಯಾಗುತ್ತದೆ. ಬ್ಯಾಟರಿಯ ವೋಲ್ಟೇಜೂ ಕುಸಿಯುತ್ತದೆ. ತೂಕ ಹಾಕಿದ ಮೇಲೆ ಗೋಡೆಗೆ ಒತ್ತಿ ನೋಡಿ. ಚಕ್ರ ಜಾರಬೇಕು. ಜಾರದಿದ್ದರೆ ತೂಕ ಇಳಿಸಿ, ಇಲ್ಲವೇ ಗೇರ್ ಬದಲಿಸಿ.

ಸೀಸದ ಬಗ್ಗೆ ಎಚ್ಚರ. ಕೈಗೆ ಅಂಟುವ ಅದರ ಪುಡಿ ವಿಷ. ಫಸ್ಟ್ (FIRST) ಎಂಬ ಸಂಸ್ಥೆಯ ರೋಬೋಟಿಕ್ಸ್ ಸ್ಪರ್ಧೆಗಳಲ್ಲಿ ತೆರೆದ ಸೀಸಕ್ಕೆ ಅವಕಾಶವಿಲ್ಲ; ಬಣ್ಣ ಬಳಿದು ಅಥವಾ ಪೂರ್ತಿ ಮುಚ್ಚಿರಬೇಕು. ನಿಮಗೆ ಉಕ್ಕಿನ ಪಟ್ಟಿಯೇ ಸಾಕು. ಒಂದು ಘನ ಸೆಂ.ಮೀ. ಸೀಸ ಸುಮಾರು 11.3 ಗ್ರಾಂ, ಉಕ್ಕು 7.8 ಗ್ರಾಂ. 600 ಗ್ರಾಂ ಉಕ್ಕು ಅಂದರೆ 77 ಘನ ಸೆಂ.ಮೀ., ಅಷ್ಟು ಜಾಗ ಚಾಸಿಯ ಅಡಿಯಲ್ಲಿ ಸಿಗುತ್ತದೆ.

ಪಟ್ಟಿಯನ್ನು ಬೋಲ್ಟ್ ಮತ್ತು ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಅದುರಿದರೂ ಸುಲಭವಾಗಿ ಸಡಿಲವಾಗದ ನಟ್) ಹಾಕಿ ಬಿಗಿಯಿರಿ. ಬರೀ ಟೇಪ್, ಕೇಬಲ್ ಟೈ ನಂಬಬೇಡಿ. ಡಿಕ್ಕಿಯಲ್ಲಿ ಕಳಚಿ ಹಾರಿದ ಉಕ್ಕು ಯಾರದೋ ಕಾಲಿಗೆ ಬೀಳಬಹುದು. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ತಪಾಸಣೆಗೆ ಬರುವಾಗ ತೂಕ ಕಟ್ಟಿಕೊಂಡೇ ಬನ್ನಿ. ಆಮೇಲೆ ಸೇರಿಸಿದರೆ ಮತ್ತೆ ತೂಗಿಸಬೇಕಾಗುತ್ತದೆ. ತಕ್ಕಡಿಯಿಂದ ತಕ್ಕಡಿಗೆ ವ್ಯತ್ಯಾಸ ಇರುತ್ತದೆ, ಹಾಗಾಗಿ ಮಿತಿಗೆ ತೀರಾ ಹತ್ತಿರ ಹೋಗಬೇಡಿ.