ಹಾಸ್ಟೆಲ್‌ಗೆ ಸೌದೆ ಬಾಯ್ಲರ್ ಹಾಕಿದ್ರೆ ನಿಜವಾಗ್ಲೂ ಕಾರ್ಬನ್ ಕಮ್ಮಿ ಆಗುತ್ತಾ? ಅದ್ರಲ್ಲೇ ಕರೆಂಟೂ ತೆಗೀಬಹುದಾ? ಈಗ ಹಳೇ ಡೀಸೆಲ್ ಬಾಯ್ಲರ್ ಇದೆ, ವರ್ಷಕ್ಕೆ 15,000 ಲೀಟರ್ ಸುಡ್ತೀವಿ, ಸೌದೆ ಬಾಯ್ಲರ್ ಹಾಕಿದ್ರೆ ಸಬ್ಸಿಡಿನೂ ಸಿಗುತ್ತೆ.

ಬಾಯ್ಲರ್ ರೂಮ್‌ಗಳಲ್ಲೇ ಹದಿನಾಲ್ಕು ವರ್ಷ ಮಸಿ ಬಳ್ಕೊಂಡಿದೀನಿ, ಹಂಗಾಗಿ ನೇರವಾಗಿ ಹೇಳ್ತೀನಿ. ಬಿಸಿಗೆ ಹಾಕಿ, ಕರೆಂಟ್ ಆಸೆ ಬಿಡಿ. ಬಾಯ್ಲರ್ ಕ್ಯಾಟಲಾಗ್ ಆಮೇಲೆ ನೋಡಿದ್ರಾಯ್ತು, ಮೊದಲು ಸೌದೆ ಎಲ್ಲಿಂದ ಬರುತ್ತೆ, ಎಷ್ಟು ಒಣಗಿರುತ್ತೆ ಅದನ್ನ ನೋಡಿ.

ಯಾಕಂದ್ರೆ ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. ಅದನ್ನ ಉರಿಸಿದ್ರೆ ಕೆಜಿಗೆ 2 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಶಾಖ ಬರುತ್ತೆ ಅಷ್ಟೇ (ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್ಟೇ, ಕಿಲೋವ್ಯಾಟ್-ಅವರ್), ಅದೇ ನೀರು 20%ಗೆ ಇಳಿಯೋ ತನಕ ಒಣಗಿಸಿದ್ರೆ 4 ಯೂನಿಟ್, ಪೆಲೆಟ್ (ಮರದ ಹೊಟ್ಟು ಒತ್ತಿ ಮಾಡಿದ ಸಣ್ಣ ಗುಳಿಗೆ) ಆದ್ರೆ 4.8ರ ಹತ್ರ. ಹಸಿ ಸೌದೆ ಹಾಕಿದಾಗ ಬೆಂಕಿಯ ಶಕ್ತಿ ಮೊದಲು ಆ ನೀರನ್ನ ಆವಿ ಮಾಡೋಕೇ ಹೋಗುತ್ತೆ, ಉರಿ ತಣ್ಣಗಾಗಿ ಹೊಗೆ ಜಾಸ್ತಿ ಆಗುತ್ತೆ, ಚಿಮಣಿ ಒಳಗೆ ಅಂಟಂಟು ಟಾರ್ ಕೂರುತ್ತೆ. ಒಂದು ಕಡೆ ನಾವು ಸೌದೆ ಚೂರು, ಅಂದ್ರೆ ಚಿಪ್ಸ್‌ನ ಟನ್ ಲೆಕ್ಕದಲ್ಲಿ ತಗೊಳ್ತಿದ್ವಿ, ಸಪ್ಲೈಯರ್ ಮಳೇಲಿ ನೆಂದಿದ್ದನ್ನೇ ತೂಕ ಹಾಕಿ ಕಳಿಸ್ತಿದ್ದ, ಅಂದ್ರೆ ನೀರಿಗೂ ನಾವೇ ದುಡ್ಡು ಕೊಟ್ವಿ, ಆ ನೀರನ್ನ ಹೊಗೆ ಜೊತೆ ಹೊರಗೆ ಕಳಿಸೋಕೂ ನಾವೇ ಸೌದೆ ಸುಟ್ವಿ. ಆಮೇಲೆ ಬುದ್ಧಿ ಬಂದು ಬಾಯ್ಲರ್‌ಗೆ ಶಾಖದ ಮೀಟರ್ ಹಾಕ್ಸಿ ಎಷ್ಟು ಯೂನಿಟ್ ಶಾಖ ಬಂತೋ ಅಷ್ಟಕ್ಕೆ ದುಡ್ಡು ಅಂತ ಕರಾರು ಮಾಡ್ಕೊಂಡ್ವಿ, ಮುಂದಿನ ಲೋಡ್‌ನಿಂದ ಚಿಪ್ಸ್ ತಾನಾಗೇ ಒಣಗಿ ಬರೋಕೆ ಶುರು ಆಯ್ತು!

ಇನ್ನು ಕಾರ್ಬನ್. ಚಿಮಣಿ ಬಾಯಲ್ಲಿ ಅಳೆದ್ರೆ ಸೌದೆ ಏನೂ ಸಾಚಾ ಅಲ್ಲ, ಅಷ್ಟೇ ಶಾಖಕ್ಕೆ ಕಲ್ಲಿದ್ದಲಿಗಿಂತ ಸ್ವಲ್ಪ ಜಾಸ್ತಿನೇ ಸಿಒ2 ಬಿಡುತ್ತೆ, ನ್ಯಾಚುರಲ್ ಗ್ಯಾಸ್‌ಗೆ ಹೋಲಿಸಿದ್ರೆ ಸುಮಾರು ಎರಡರಷ್ಟು. ಕಮ್ಮಿ ಅಂತ ಹೇಳೋದೆಲ್ಲ ಕಾಡಿನ ಲೆಕ್ಕದ ಮೇಲೆ, ಮರ ಬೆಳೀವಾಗ ಹೀರ್ಕೊಂಡಿದ್ದೇ ವಾಪಸ್ ಹೋಯ್ತು, ಮತ್ತೆ ಬೆಳೆಯೋ ಮರ ಅದನ್ನ ಹೀರ್ಕೊಳ್ಳುತ್ತೆ ಅಂತ. ಸಾ ಮಿಲ್ ಹೊಟ್ಟು, ಸವರಿದ ಕೊಂಬೆ, ತೋಪಿನಲ್ಲಿ ಬಿದ್ದ ಸಣ್ಣ ಕಟ್ಟಿಗೆ ಇವೆಲ್ಲ ಹೇಗಿದ್ರೂ ಕೆಲವೇ ವರ್ಷದಲ್ಲಿ ಕೊಳೆತು ಆ ಕಾರ್ಬನ್ ಗಾಳಿಗೇ ಹೋಗೋದು, ಹಂಗಾಗಿ ಅವಕ್ಕೆ ಈ ಲೆಕ್ಕ ಕೂಡುತ್ತೆ. ನಿಂತಿರೋ ದಪ್ಪ ಮರ ಕಡಿದು ಸುಟ್ರೆ ಆ ಕಾರ್ಬನ್ ಸಾಲ ತೀರೋಕೆ ದಶಕಗಟ್ಟಲೆ ಬೇಕು. ಸಪ್ಲೈಯರ್ "ನಮ್ದು ಗ್ರೀನ್ ಸಾರ್" ಅಂದ್ರೆ ಯಾವ ಭಾಗದ ಮರ, ಹೇಗೆ ಒಣಗಿಸ್ತೀರ ಅಂತ ಕೇಳಿ. ಡೀಸೆಲ್ ಸುಟ್ಟು ಒಣಗಿಸಿದ ಪೆಲೆಟ್ ತಂದ್ರೆ ಏನು ಬಂತು?

ಸಬ್ಸಿಡಿ ಸಿಗುತ್ತೆ ಅಂತಾನೂ ಬರ್ದಿದೀರ. ಉತ್ತರ ಐರ್ಲೆಂಡ್‌ನಲ್ಲಿ 2012ರಲ್ಲಿ ಇಂಥದ್ದೇ ಸ್ಕೀಮ್ ಬಂತು, ಒಂದು ಯೂನಿಟ್ ಶಾಖಕ್ಕೆ ಕೊಡ್ತಿದ್ದ ದುಡ್ಡು ಸೌದೆ ಖರ್ಚಿಗಿಂತ ಜಾಸ್ತಿ, ಮೇಲ್ಮಿತಿನೂ ಇಲ್ಲ. ಸುಟ್ಟಷ್ಟೂ ಲಾಭ! ಆ ರಂಪದಲ್ಲಿ 2017ರ ಜನವರಿಯಲ್ಲಿ ಅಲ್ಲಿನ ಡೆಪ್ಯೂಟಿ ಫಸ್ಟ್ ಮಿನಿಸ್ಟರ್ (ಉಪ ಮುಖ್ಯಮಂತ್ರಿ ತರ) ಮಾರ್ಟಿನ್ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟು ಸರ್ಕಾರನೇ ಬಿತ್ತು, ಮತ್ತೆ ಕೂತಿದ್ದು 2020ಕ್ಕೆ. ಸಬ್ಸಿಡಿ ಆಸೆಗೆ ಜಾಸ್ತಿ ಸುಡೋದಲ್ಲ, ಬೇಕಾಗೋ ಶಾಖನೇ ಕಮ್ಮಿ ಮಾಡ್ಬೇಕು, ಅದಕ್ಕೇ ಬಾಯ್ಲರ್‌ಗಿಂತ ಮೊದಲು ಕಿಟಕಿ ಸಂದು, ಚಾವಣಿ ಇನ್ಸುಲೇಷನ್ ಸರಿ ಮಾಡ್ಸಿ.

ಕರೆಂಟ್ ಬೇಡ ಅಂದಿದ್ದು ಯಾಕೆ ಅಂದ್ರೆ, ಸೌದೆಯಿಂದ ಗ್ಯಾಸ್ ತೆಗೆದು ಇಂಜಿನ್ ಓಡಿಸೋ ಸಣ್ಣ ಗ್ಯಾಸಿಫೈಯರ್ ಸೆಟ್‌ನಲ್ಲಿ ಸೌದೆಯ ಶಕ್ತಿಯ 100 ಪಾಲಲ್ಲಿ 20-25 ಪಾಲು ಕರೆಂಟ್ ಆಗುತ್ತೆ, ಉಳಿದಿದ್ದು ಬಹುಪಾಲು ಶಾಖ. ಆ ಶಾಖಕ್ಕೆ ವರ್ಷವಿಡೀ ಗಿರಾಕಿ ಇದ್ರೆ ಸರಿ, ನಿಮ್ಮ ಹಾಸ್ಟೆಲ್‌ಗೆ ಚಳಿಗಾಲ ಮುಗಿದ್ಮೇಲೆ ಸ್ನಾನದ ನೀರು ಬಿಟ್ರೆ ಏನು ಬೇಕು? ಮೇಲಾಗಿ ಗ್ಯಾಸಿಂದ ಟಾರ್ ಸೋಸಿ ಇಂಜಿನ್‌ಗೆ ಕೊಡೋದು ದಿನಾ ಕೈ ಕೊಳೆ ಮಾಡ್ಕೊಳ್ಳೋ ಕೆಲಸ, ಅದಕ್ಕೆ ಅಂತಾನೇ ಒಬ್ಬ ಆಳು ಬೇಕು. ಡೆನ್ಮಾರ್ಕ್, ಸ್ವೀಡನ್‌ನಲ್ಲಿ ಸೌದೆ ಕರೆಂಟ್ ಸ್ಥಾವರ ನಡೀತಿವೆ ನಿಜ, ಆದ್ರೆ ಅಲ್ಲಿ ಉಳಿದ ಬಿಸಿ ಪೈಪಲ್ಲಿ ಇಡೀ ಊರಿನ ಮನೆಗಳಿಗೆ ಹೋಗುತ್ತೆ. ಒಂದೇ ಕಟ್ಟಡಕ್ಕೆ ಆ ಆಟ ಆಗಲ್ಲ.

ಸೈಜಿನ ವಿಷಯದಲ್ಲಿ ನಾನೂ ಎಡವಿದೀನಿ. ಮೊದಲನೇ ಪ್ರಾಜೆಕ್ಟಲ್ಲಿ ಅತಿ ಚಳಿ ದಿನಕ್ಕೂ ಸಾಲಬೇಕು ಅಂತ ದೊಡ್ಡ ಬಾಯ್ಲರ್ ಕೂರ್ಸಿದ್ವಿ, ಆ ಚಳಿ ಬರೋದು ವರ್ಷಕ್ಕೆ ನಾಲ್ಕೈದು ದಿನ, ಮಿಕ್ಕ ದಿನ ಎಲ್ಲಾ ಅದು ಅರೆಬರೆ ಉರೀತಾ, ಆರ್ತಾ, ಹೊಗೆ ಕಾರ್ತಾ ಇರೋದು. ಗ್ಯಾಸ್ ಬರ್ನರ್ ತರ ಸ್ವಿಚ್ ಒತ್ತಿದ ತಕ್ಷಣ ನಿಲ್ಲೋ ಬೆಂಕಿ ಅಲ್ಲ ಇದು. ಗರಿಷ್ಠ ಲೋಡಿನ ಅರ್ಧದಷ್ಟು ಬಾಯ್ಲರ್ ಹಾಕಿದ್ರೂ ವರ್ಷದ ಶಾಖದಲ್ಲಿ ಸುಮಾರು 80% ಅದೇ ಕೊಡುತ್ತೆ, ಉಳಿದಿದ್ದಕ್ಕೆ ನಿಮ್ಮ ಹಳೇ ಡೀಸೆಲ್ ಬಾಯ್ಲರ್ ಇರ್ಲಿ, ಗುಜರಿಗೆ ಹಾಕ್ಬೇಡಿ. ಜೊತೆಗೆ ಬಿಸಿನೀರು ಕೂಡಿಡೋಕೆ ದೊಡ್ಡ ಟ್ಯಾಂಕ್ ಬೇಕೇ ಬೇಕು. ಕೈಯಲ್ಲಿ ಸೌದೆ ತುಂಬೋ ಬಾಯ್ಲರ್‌ಗೆ ಜರ್ಮನಿಯ ನಿಯಮದಲ್ಲಿ ಕಿಲೋವ್ಯಾಟ್‌ಗೆ ಕನಿಷ್ಠ 55 ಲೀಟರ್ ಅಂತಿದೆ, ನಾನೂ ಅದನ್ನೇ ಹಿಡೀತೀನಿ.

ಜಾಗ ಎಷ್ಟು ಬೇಕು ಗೊತ್ತಾ? ನೀವು ವರ್ಷಕ್ಕೆ ಸುಡ್ತಿರೋ 15,000 ಲೀಟರ್ ಡೀಸೆಲ್ ಅಂದ್ರೆ 15 ಘನ ಮೀಟರ್, ಅಷ್ಟೇ ಶಕ್ತಿಗೆ ಪೆಲೆಟ್ ಆದ್ರೆ 50ರ ಹತ್ರ, ಚಿಪ್ಸ್ ಆದ್ರೆ 170-180 ಘನ ಮೀಟರ್. ಒಂದೇ ಸಲ ತರಬೇಕಿಲ್ಲ, ಆದ್ರೆ ಲಾರಿ ಬಂದು ತಿರುಗೋಕೆ ಅಂಗಳ ಬೇಕು, ಇದನ್ನ ಆರ್ಕಿಟೆಕ್ಟ್‌ಗಳು ಮರೀತಾರೆ. ಬಣ್ಣ ಬಳಿದ ಹಳೇ ಬಾಗಿಲು, ಕೆಮಿಕಲ್ ಹಾಕಿದ ಹಲಗೆ ತಂದು ತುರುಕಬೇಡಿ, ಹೊಗೆನೂ ವಿಷ ಬೂದಿನೂ ವಿಷ.

ಕೊನೇದು ಯಾರೂ ಹೇಳದ ವಿಷಯ. ಪೆಲೆಟ್ ಉರಿಸದೇ ಹೋದ್ರೂ, ಬರೀ ಗೋಡೌನ್‌ನಲ್ಲಿ ಬಿದ್ದಿದ್ರೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ, ವಾಸನೆ ಇಲ್ಲ ಬಣ್ಣ ಇಲ್ಲ, ಮುಚ್ಚಿದ ಸ್ಟೋರ್ ಒಳಗೆ ಇಳಿದು ಯುರೋಪಿನಲ್ಲಿ ಜನ ಸತ್ತಿದಾರೆ. ಗಾಳಿ ಆಡೋ ಕಿಂಡಿ ಇಡ್ಸಿ, ಬಾಗಿಲಿಗೆ ಬೀಗ ಹಾಕಿ, ಒಳಗೆ ಹೋಗೋನ ಹತ್ರ ಮೊನಾಕ್ಸೈಡ್ ಮೀಟರ್ ಇರ್ಲಿ, ಹೊರಗೆ ಇನ್ನೊಬ್ಬ ನಿಂತಿರ್ಲಿ. ಒಳಗಿರೋನು ಬಿದ್ರೆ ಎತ್ತೋಕೆ ಅಂತ ಹಂಗೇ ಒಳಗೆ ನುಗ್ಬೇಡ ಅಂತಾನೂ ಆ ಹೊರಗಿನವನಿಗೆ ಮೊದಲೇ ಹೇಳಿಡಿ.