ಓದುಗರ ಪ್ರಶ್ನೆ: ಸೇವೆ ವಹಿಸಿಕೊಟ್ಟರೆ ಹೊಣೆಯೂ ಹೋಯಿತೆ?

ಪ್ರಶ್ನೆ: ವೃದ್ಧರ ಆರೈಕೆ, ಪುನರ್ವಸತಿ, ಉದ್ಯೋಗ ತರಬೇತಿಯಂಥ ಸೇವೆಗಳನ್ನು ಹಲವು ದೇಶಗಳಲ್ಲಿ ಸರ್ಕಾರಗಳು ಸಾಮಾಜಿಕ ಉದ್ಯಮಗಳಿಗೆ ವಹಿಸುತ್ತಿವೆ. ಇದು ಖಾಸಗೀಕರಣಕ್ಕೆ ಇಟ್ಟ ಇನ್ನೊಂದು ಹೆಸರಲ್ಲವೆ? ದತ್ತಿ ಸಂಸ್ಥೆಗಳಿಗೂ ಇವಕ್ಕೂ ಏನು ವ್ಯತ್ಯಾಸ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ದತ್ತಿ ಸಂಸ್ಥೆ ಮುಖ್ಯವಾಗಿ ದೇಣಿಗೆಯನ್ನು ನೆಚ್ಚಿಕೊಂಡಿರುತ್ತದೆ. ಸಾಮಾಜಿಕ ಉದ್ಯಮವಾದರೋ ಸರಕನ್ನೋ ಸೇವೆಯನ್ನೋ ಮಾರಿ ಬದುಕುತ್ತದೆ ಮತ್ತು ಲಾಭದ ಬಹುಪಾಲನ್ನು ತನ್ನ ಉದ್ದೇಶಕ್ಕೇ ತೊಡಗಿಸುತ್ತದೆ. ಇದು ಬಾಯಿಮಾತಾಗಿ ಉಳಿಯದಂತೆ ಕೆಲವು ದೇಶಗಳು ಕಾನೂನನ್ನೇ ಮಾಡಿವೆ. ಇಟಲಿಯ 1991ರ 381ನೆಯ ಕಾನೂನಿನ ಪ್ರಕಾರ ದುರ್ಬಲರಿಗೆ ಉದ್ಯೋಗ ಕೊಡುವ ಬಗೆಯ ಸಾಮಾಜಿಕ ಸಹಕಾರ ಸಂಘದಲ್ಲಿ ಕೆಲಸಗಾರರ ಪೈಕಿ ಕನಿಷ್ಠ ಶೇ. 30ರಷ್ಟು ಮಂದಿ ಅಂಗವಿಕಲರು, ವ್ಯಸನದಿಂದ ಹೊರಬರುತ್ತಿರುವವರು ಮೊದಲಾದವರೇ ಆಗಿರಬೇಕು. ಬ್ರಿಟನ್ನಿನಲ್ಲಿ 2005ರಿಂದ ನೋಂದಣಿಯಾಗುತ್ತಿರುವ ಸಮುದಾಯ ಹಿತಾಸಕ್ತಿ ಕಂಪನಿಗಳು ಮುಚ್ಚಿಹೋದರೂ ಉಳಿಕೆ ಆಸ್ತಿಯನ್ನು ಷೇರುದಾರರು ಹಂಚಿಕೊಳ್ಳುವಂತಿಲ್ಲ.

ಇನ್ನು ಖಾಸಗೀಕರಣದ ಮಾತು. ಸಂಸ್ಥೆ ಯಾರದು ಎಂಬುದಕ್ಕಿಂತ ಕರಾರಿನಲ್ಲಿ ಏನು ಬರೆದಿದೆ ಎಂಬುದೇ ಸೇವೆಯ ಗುಣಮಟ್ಟವನ್ನು ಹೆಚ್ಚಾಗಿ ನಿರ್ಧರಿಸುತ್ತದೆಂದು ನಾವು ಭಾವಿಸುತ್ತೇವೆ. ಹಾಸಿಗೆ ಹಿಡಿದ ವೃದ್ಧರ ಮನೆಗೆ ಹೋಗಿ ಆರೈಕೆ ಮಾಡುವ ಕೆಲಸಕ್ಕೆ ಭೇಟಿಯ ನಿಮಿಷಗಳನ್ನಷ್ಟೇ ಎಣಿಸಿ ಹಣ ಕೊಡುವ ಕರಾರಾದರೆ, ಒಂದು ಮನೆಯಿಂದ ಇನ್ನೊಂದಕ್ಕೆ ನಡೆದ ಹೊತ್ತಿಗೆ ದುಡ್ಡಿಲ್ಲ, ಸ್ನಾನ ಮಾಡಿಸಿದ ಮೇಲೆ ಕುಳಿತು ಎರಡು ಮಾತಾಡಿದ್ದಕ್ಕೂ ಇಲ್ಲ. ಎಂಥ ಸದುದ್ದೇಶದ ಸಂಸ್ಥೆಯಾದರೂ ಅಲ್ಲಿ ಅವಸರದ ಸೇವೆಯನ್ನೇ ಕೊಡಬೇಕಾಗುತ್ತದೆ.

ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಇದಕ್ಕೆ ಪರಿಹಾರವೆನ್ನುವವರಿದ್ದಾರೆ. ಅದರಲ್ಲಿ ಬೇರೊಂದು ಅಪಾಯವಿದೆ: ಸುಲಭವಾಗಿ ಸುಧಾರಿಸುವವರನ್ನು ಆರಿಸಿಕೊಂಡು ಕಷ್ಟದ ಪ್ರಕರಣಗಳನ್ನು ಕೈಬಿಡುವುದು. ಇಂಗ್ಲೆಂಡಿನ ಪೀಟರ್‌ಬರೋ ಸೆರೆಮನೆಯಲ್ಲಿ 2010ರಲ್ಲಿ ಆರಂಭವಾದ, ಬಿಡುಗಡೆಯಾದವರು ಮತ್ತೆ ಅಪರಾಧಕ್ಕಿಳಿಯದಂತೆ ನೆರವಾಗುವ ಯೋಜನೆ ಇದನ್ನು ಜಾಣತನದಿಂದ ತಡೆಯಿತು. ಖರ್ಚಿನ ಹಣವನ್ನು ಹೂಡಿಕೆದಾರರು ಮೊದಲೇ ಹಾಕಿದ್ದರು; ಗುರಿ ಮುಟ್ಟಿದರಷ್ಟೇ ಅದು ಅವರಿಗೆ ಮರಳುತ್ತಿತ್ತು. ಒಂದು ವರ್ಷಕ್ಕಿಂತ ಕಡಿಮೆ ಶಿಕ್ಷೆ ಮುಗಿಸಿ ಹೊರಬಂದವರು ನೆರವು ಪಡೆದಿರಲಿ, ನಿರಾಕರಿಸಿರಲಿ, ಎಲ್ಲರನ್ನೂ ಲೆಕ್ಕಕ್ಕೆ ಹಿಡಿಯಲಾಯಿತು. ದೇಶದ ಇತರೆಡೆಯ ಅಂಥದೇ ಗುಂಪಿನೊಡನೆ ಹೋಲಿಸಿದಾಗ ಮರುಶಿಕ್ಷೆಯ ಪ್ರಕರಣಗಳು ಶೇ. 9ರಷ್ಟು ಇಳಿದಿದ್ದು 2017ರಲ್ಲಿ ಖಚಿತವಾಯಿತು; ಗುರಿ ಇದ್ದದ್ದು ಶೇ. 7.5. ಹಣ ಹೂಡಿದವರಿಗೆ ಅಸಲೂ ಪ್ರತಿಫಲವೂ ಸಂದವು.

ಆದರೆ ಹಣ ತಡವಾಗಿ ಬರುವ ಈ ಪದ್ಧತಿಯಲ್ಲಿ ಕೈಯಲ್ಲಿ ಬಂಡವಾಳವಿಲ್ಲದ ಸಣ್ಣ ಸಂಸ್ಥೆಗಳು ಟೆಂಡರಿನ ಹತ್ತಿರವೂ ಸುಳಿಯಲಾರವು. ಅಷ್ಟೇ ಅಲ್ಲ, ಅಂತಿಮ ಫಲಿತಾಂಶ ಬರುವ ಮೊದಲೇ, 2014ರಲ್ಲಿ, ಪೀಟರ್‌ಬರೋ ಯೋಜನೆಯ ಮುಂದಿನ ಹಂತವನ್ನು ಕೈಬಿಡುವ ನಿರ್ಧಾರವಾಗಿತ್ತು. ಬಿಡುಗಡೆಯಾದವರ ಮೇಲ್ವಿಚಾರಣೆಗೆ ದೇಶದಾದ್ಯಂತ ಬೇರೆ ವ್ಯವಸ್ಥೆ ತರಲು ಸರ್ಕಾರ ನಿರ್ಧರಿಸಿದ್ದೇ ಕಾರಣ. ಸೇವೆಯನ್ನು ಯಾರೇ ನಡೆಸಲಿ, ಅದು ಇರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸರ್ಕಾರವೇ ಆಗಿರುವಾಗ, ಸಂಸ್ಥೆ ಮುಚ್ಚಿದ ಮರುದಿನ ಬೆಳಿಗ್ಗೆ ಆ ವೃದ್ಧರ ಮನೆಗೆ ಯಾರು ಹೋಗಬೇಕೆಂಬುದನ್ನೂ ಸರ್ಕಾರವೇ ಕರಾರಿನಲ್ಲಿ ಬರೆದುಕೊಡಬೇಕು.